‘ರಿಮೂವ್ ಟೂ’: ಒಂದು ಮಾರ್ಕಿನ ಪ್ರಶ್ನೆಯ ಹಿಂದಿರೋ ಐನೂರು ವರ್ಷದ ಕಥೆ



‘ರಿಮೂವ್ ಟೂ’. ‘ಚೇಂಜ್ ದ ವಾಯ್ಸ್’. ‘ರಿಪೋರ್ಟೆಡ್ ಸ್ಪೀಚ್‌ಗೆ ಬದಲಾಯಿಸಿ’. ‘ನೋ ಸೂನರ್ ಬಳಸಿ ಬರೆಯಿರಿ’. ಹೈಸ್ಕೂಲ್ ಮುಗಿಸಿದ ಬಹಳಷ್ಟು ಜನರಿಗೆ ಈ ಸಾಲುಗಳು ಕೇಳಿದ ಕೂಡಲೇ ಪರೀಕ್ಷಾ ಹಾಲ್ ನೆನಪಾಗತ್ತೆ. ಶಾಲೆ ಬಿಟ್ಟ ಮೇಲೂ ಇದು ನಮ್ಮನ್ನ ಬಿಡಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆಗೆ ಕೂತರೆ ಅಲ್ಲಿ ಆ್ಯಕ್ಟಿವ್-ಪ್ಯಾಸಿವ್ ಇರತ್ತೆ. ವಿದೇಶಕ್ಕೆ ಹೋಗೋಕೆ ಕೇಂಬ್ರಿಜ್ ಪರೀಕ್ಷೆ ತಗೊಂಡರೆ ಅಲ್ಲಿ ‘ಕೀ ವರ್ಡ್ ಟ್ರಾನ್ಸ್‌ಫರ್ಮೇಷನ್’ ಅನ್ನೋ ಹೆಸರಲ್ಲಿ ಅದೇ ಪ್ರಶ್ನೆ ಕಾಯ್ತಾ ಇರತ್ತೆ. ಕೊಟ್ಟ ವಾಕ್ಯವನ್ನ ಅರ್ಥ ಕೆಡದ ಹಾಗೆ ಬೇರೆ ರೀತಿ ಬರೀಬೇಕು, ಅಷ್ಟೇ.

ನಮ್ಮಲ್ಲಿ ಇದಕ್ಕೆ ತಯಾರಾಗೋದು ಹೇಗೆ? ಒಂದು ಗೈಡು, ಒಂದು ಟೇಬಲ್, ಹತ್ತು ಫಾರ್ಮುಲಾ. ‘ವಿಲ್’ ಇದ್ದರೆ ‘ವುಡ್’, ‘ಟುಮಾರೋ’ ಇದ್ದರೆ ‘ದ ನೆಕ್ಸ್ಟ್ ಡೇ’. ಬಾಯಿಪಾಠ ಮಾಡಿ, ಬರೆದು, ಮರೆತುಬಿಡೋದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದರ ಜೊತೆ ಇನ್ನೊಂದು ಹೊರೆ ಇರತ್ತೆ. ‘ಕನ್ನಡದಲ್ಲಿ ಯೋಚನೆ ಮಾಡಬೇಡ, ಅದಕ್ಕೇ ನಿನ್ನ ಇಂಗ್ಲಿಷ್ ಕೆಡ್ತಿರೋದು’ ಅನ್ನೋ ಬುದ್ಧಿಮಾತು.

ಇವತ್ತಿನ ಸಂಚಿಕೆಯಲ್ಲಿ ಈ ಪುಟ್ಟ ಪ್ರಶ್ನೆಯ ಇತಿಹಾಸ ನೋಡೋಣ. ಯಾಕಂದ್ರೆ ಹಿಂದಕ್ಕೆ ಹೋದಷ್ಟೂ ಒಂದು ವಿಷಯ ಸ್ಪಷ್ಟ ಆಗತ್ತೆ. ಈ ಅಭ್ಯಾಸ ಹುಟ್ಟಿದಾಗ ಅದಕ್ಕೆ ಒಂದೇ ಉತ್ತರ ಇರಲಿಲ್ಲ, ಒಂದೇ ಭಾಷೆಯೂ ಇರಲಿಲ್ಲ. ಎರಡನ್ನೂ ಕಿತ್ತುಕೊಂಡಿದ್ದು ಪರೀಕ್ಷೆ. ತಯಾರಿ ಮಾಡೋವಾಗ ಆ ಎರಡನ್ನೂ ನಾವು ವಾಪಸ್ ತಗೋಬಹುದು.

ಒಂದು ವಾಕ್ಯ, ನೂರಕ್ಕೂ ಹೆಚ್ಚು ರೂಪ

1512ಕ್ಕೆ ಹೋಗೋಣ. ಯುರೋಪಿನ ಶಾಲೆಗಳಲ್ಲಿ ಆಗ ಕಲಿಕೆಯ ಭಾಷೆ ಲ್ಯಾಟಿನ್. ಅದು ಯಾರ ಮನೆಮಾತೂ ಅಲ್ಲ, ಆದರೆ ಓದಿದವನು ಅನ್ನಿಸ್ಕೊಳ್ಳೋಕೆ ಅದು ಬರಲೇಬೇಕು. ಪರಿಸ್ಥಿತಿ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಆ ವರ್ಷ ಡಚ್ ವಿದ್ವಾಂಸ ಎರಾಸ್ಮಸ್ ಅವರ ‘ಡಿ ಕೋಪಿಯಾ’ ಅನ್ನೋ ಪುಸ್ತಕ ಪ್ಯಾರಿಸ್‌ನಲ್ಲಿ ಅಚ್ಚಾಯಿತು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯ ಹುಡುಗರನ್ನ ಮನಸ್ಸಲ್ಲಿಟ್ಟುಕೊಂಡು ಬರೆದ ಪುಸ್ತಕ ಅದು. ಕೋಪಿಯಾ ಅಂದ್ರೆ ಸಮೃದ್ಧಿ, ಮಾತಿನ ಸಿರಿ.

ಅದರಲ್ಲಿ ಎರಾಸ್ಮಸ್ ಒಂದು ತೀರಾ ಸಾಮಾನ್ಯ ವಾಕ್ಯ ತಗೋತಾರೆ. ನಿಮ್ಮ ಪತ್ರ ಓದಿ ನನಗೆ ಬಹಳ ಸಂತೋಷ ಆಯ್ತು ಅನ್ನೋ ಅರ್ಥದ ವಾಕ್ಯ. ಅದನ್ನೇ ತಿರುಗಿಸಿ ತಿರುಗಿಸಿ ನೂರಕ್ಕೂ ಹೆಚ್ಚು ರೀತಿ ಬರೆದು ತೋರಿಸ್ತಾರೆ. ಪದ ಬದಲಿಸ್ತಾರೆ, ಕರ್ತೃವನ್ನ ಬದಲಿಸ್ತಾರೆ, ಇದೆ ಅನ್ನೋದನ್ನ ಇಲ್ಲದೆ ಇಲ್ಲ ಅಂತಾರೆ, ಹೋಲಿಕೆ ಸೇರಿಸ್ತಾರೆ. ಇವತ್ತು ನಮ್ಮ ಗೈಡುಗಳಲ್ಲಿ ಅಧ್ಯಾಯ ಅಧ್ಯಾಯವಾಗಿ ಇರೋ ಎಷ್ಟೋ ಬದಲಾವಣೆ ಆ ಒಂದೇ ಆಟದೊಳಗಿದೆ. ಅದರಲ್ಲಿ ಕೆಲವು ಸಾಲು ಚೆನ್ನಾಗಿವೆ, ಕೆಲವು ಅತಿ ಅನ್ನಿಸತ್ತೆ. ಅವರ ಉದ್ದೇಶವೂ ಅದೇ. ಕೈಯಲ್ಲಿ ಹತ್ತು ದಾರಿ ಇದ್ದವನಿಗೆ ಮಾತ್ರ ಸಂದರ್ಭಕ್ಕೆ ಸರಿಹೊಂದೋ ದಾರಿ ಆರಿಸೋಕೆ ಸಾಧ್ಯ. ಅಲ್ಲಿ ಮಾರ್ಕ್ಸ್ ಇಲ್ಲ, ಕೀ ಆನ್ಸರ್ ಇಲ್ಲ.

ಇದಾಗಿ ಸುಮಾರು ಅರವತ್ತು ವರ್ಷಕ್ಕೆ ಇಂಗ್ಲೆಂಡಿನಲ್ಲಿ ಇನ್ನೊಂದು ಪುಸ್ತಕ ಬಂತು. ರೋಜರ್ ಆಸ್ಕಮ್ ಅನ್ನೋರು ಒಂದನೇ ಎಲಿಜಬೆತ್ ರಾಣಿಗೆ ಪಾಠ ಹೇಳಿದ್ದ ಮೇಷ್ಟ್ರು. ಅವರು ತೀರಿಕೊಂಡ ಮೇಲೆ, 1570ರಲ್ಲಿ, ‘ದ ಸ್ಕೂಲ್‌ಮಾಸ್ಟರ್’ ಪ್ರಕಟ ಆಯ್ತು. ಅವರ ವಿಧಾನಕ್ಕೆ ‘ಡಬಲ್ ಟ್ರಾನ್ಸ್‌ಲೇಷನ್’ ಅಂತ ಹೆಸರು. ಹುಡುಗ ಒಂದು ಲ್ಯಾಟಿನ್ ಭಾಗವನ್ನ ತನ್ನ ಮನೆಮಾತಾದ ಇಂಗ್ಲಿಷಿಗೆ ಅನುವಾದ ಮಾಡಬೇಕು. ಸ್ವಲ್ಪ ಹೊತ್ತು ಬಿಟ್ಟು, ಮೂಲ ನೋಡದೆ, ತನ್ನ ಇಂಗ್ಲಿಷಿನಿಂದ ವಾಪಸ್ ಲ್ಯಾಟಿನ್ನಿಗೆ ತರಬೇಕು. ಆಮೇಲೆ ಮೇಷ್ಟ್ರು ಮೂಲವನ್ನೂ ಹುಡುಗನ ಬರಹವನ್ನೂ ಪಕ್ಕಪಕ್ಕ ಇಟ್ಟು ತೋರಿಸ್ತಾರೆ. ಇಲ್ಲಿ ಒಂದಂಶ ಗಮನಿಸಿ. ಮನೆಮಾತು ಇಲ್ಲಿ ಅಡ್ಡಿ ಅಲ್ಲ, ಅದೇ ಸೇತುವೆ.

ಇನ್ನೂ ಒಬ್ಬರನ್ನ ಹೇಳಿ ಮುಂದೆ ಹೋಗ್ತೀನಿ. ಬೆಂಜಮಿನ್ ಫ್ರಾಂಕ್ಲಿನ್, ಅಮೆರಿಕದ ಸ್ಥಾಪಕರಲ್ಲೊಬ್ಬರು. ಬಾಸ್ಟನ್ನಿನಲ್ಲಿ ಅಣ್ಣನ ಪ್ರಿಂಟಿಂಗ್ ಪ್ರೆಸ್ಸಲ್ಲಿ ಕೆಲಸ ಕಲೀತಿದ್ದ ಹುಡುಗ, ಶಾಲೆ ಓದಿದ್ದು ತುಂಬಾ ಕಡಿಮೆ. ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಸಂಪುಟ ಅವರ ಕೈಗೆ ಸಿಕ್ಕಿತ್ತು. ಪ್ರತಿ ವಾಕ್ಯದ ಭಾವವನ್ನ ಮಾತ್ರ ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನ ಪಕ್ಕಕ್ಕಿಟ್ಟು, ಆ ಗುರುತಿನಿಂದ ತಮ್ಮದೇ ವಾಕ್ಯ ಬರೆದು, ಮೂಲದ ಜೊತೆ ಹೋಲಿಸಿ ತಪ್ಪು ತಿದ್ದಿಕೊಳ್ತಿದ್ದೆ ಅಂತ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗದ್ಯವನ್ನ ಪದ್ಯ ಮಾಡಿ, ಅದನ್ನ ಮತ್ತೆ ಗದ್ಯ ಮಾಡಿದ್ದೂ ಉಂಟು. ಟ್ಯೂಷನ್ ಇಲ್ಲ, ಗೈಡ್ ಇಲ್ಲ. ಖರ್ಚು ಅಂದ್ರೆ ಕಾಗದ, ಮಸಿ.

‘ತಪ್ಪು ಹುಡುಕಿ’ ಕಾಲ

ಹದಿನೆಂಟನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೂ ವ್ಯಾಕರಣ ಪುಸ್ತಕಗಳ ಸಾಲು ಶುರುವಾಯ್ತು. 1762ರಲ್ಲಿ ರಾಬರ್ಟ್ ಲೋತ್ ಅನ್ನೋ ಪಾದ್ರಿ ಒಂದು ಚಿಕ್ಕ ವ್ಯಾಕರಣ ಬರೆದರು. ಅದರ ವಿಶೇಷ ಅಡಿಟಿಪ್ಪಣಿಗಳಲ್ಲಿದೆ. ಶೇಕ್ಸ್‌ಪಿಯರ್, ಮಿಲ್ಟನ್‌ರಂಥ ದೊಡ್ಡವರ ಸಾಲುಗಳನ್ನೇ ಎತ್ತಿ ಇದು ತಪ್ಪು, ಹೀಗಿರಬೇಕಿತ್ತು ಅಂತ ತಿದ್ದಿದ್ದಾರೆ! 1795ರಲ್ಲಿ ಲಿಂಡ್ಲಿ ಮರ್ರಿ ಬಂದರು. ಅಮೆರಿಕದ ವಕೀಲರು, ಇಂಗ್ಲೆಂಡಿನ ಯಾರ್ಕ್ ಹತ್ತಿರ ನೆಲೆಸಿದವರು, ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗಾಗಿ ಅವರು ಬರೆದ ವ್ಯಾಕರಣ ಲಕ್ಷಗಟ್ಟಲೆ ಪ್ರತಿ ಮಾರಾಟ ಆಯ್ತು. 1797ರಲ್ಲಿ ಅದರ ಜೊತೆಗೊಂದು ಅಭ್ಯಾಸ ಪುಸ್ತಕವನ್ನೂ ತಂದರು. ತಪ್ಪು ವಾಕ್ಯಗಳ ಪಟ್ಟಿ, ಸರಿಪಡಿಸೋದು ವಿದ್ಯಾರ್ಥಿಯ ಕೆಲಸ.

ಇಲ್ಲಿ ದಿಕ್ಕು ಬದಲಾಯ್ತು. ಎರಾಸ್ಮಸ್ ಹತ್ತಿರ ‘ಇನ್ನೂ ಹೇಗೆ ಹೇಳಬಹುದು?’ ಅನ್ನೋ ಪ್ರಶ್ನೆ ಇತ್ತು. ಈಗ ‘ಯಾವುದು ಸರಿ?’ ಅನ್ನೋ ಪ್ರಶ್ನೆ ಬಂತು.

ಪರೀಕ್ಷೆ ಭಾರತಕ್ಕೆ ಬಂದಾಗ

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸ್ ಮೂರೂ ಕಡೆ ವಿಶ್ವವಿದ್ಯಾಲಯ ಶುರುವಾಯ್ತು. ಅದರ ಮರುವರ್ಷವೇ, 1858ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್ ತನ್ನ ಹೊರಗಿನ ಶಾಲಾ ಮಕ್ಕಳಿಗೆ ಪರೀಕ್ಷೆ ನಡೆಸೋ ಮಂಡಳಿ ಸ್ಥಾಪಿಸಿತು. ಎಲ್ಲೋ ಕೂತ ಮಕ್ಕಳು ಬರೀತಾರೆ, ಇನ್ನೆಲ್ಲೋ ಕೂತ ಅಪರಿಚಿತರು ತಿದ್ದುತಾರೆ ಅನ್ನೋ ವ್ಯವಸ್ಥೆ ದೊಡ್ಡ ಪ್ರಮಾಣದಲ್ಲಿ ಬೆಳೆದ ಕಾಲ ಇದು.

ನಮ್ಮ ಕಡೆಯ ಹುಡುಗರು ಎಲ್ಲಿ ಪರೀಕ್ಷೆ ಬರೀತಿದ್ರು? 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಗೋವರೆಗೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಮಂಗಳೂರು ಕಡೆಯೂ ಮದ್ರಾಸೇ. ಧಾರವಾಡ, ಬೆಳಗಾವಿಯವರಿಗೆ ಬೊಂಬಾಯಿ. ಮೆಟ್ರಿಕ್ ಪಾಸಾದರೆ ಕಾಲೇಜಿನ ಬಾಗಿಲು ಮಾತ್ರ ಅಲ್ಲ, ಸರ್ಕಾರಿ ಗುಮಾಸ್ತಿಕೆಯ ಬಾಗಿಲೂ ತೆರೀತಿತ್ತು. ಇಂಗ್ಲಿಷ್ ಪತ್ರಿಕೆಯಲ್ಲಿ ಫೇಲಾದ್ರೆ ಎರಡೂ ಬಂದ್.

ಈಗ ಪರೀಕ್ಷಕರ ಜಾಗದಲ್ಲಿ ನಿಂತು ಯೋಚಿಸಿ. ಸಾವಿರಾರು ಉತ್ತರ ಪತ್ರಿಕೆ, ಹತ್ತಾರು ಮೌಲ್ಯಮಾಪಕರು. ಪ್ರಬಂಧ ಕೊಟ್ಟರೆ ಒಬ್ಬರು ಹತ್ತಕ್ಕೆ ಏಳು ಕೊಡ್ತಾರೆ, ಇನ್ನೊಬ್ಬರು ನಾಲ್ಕು. ಜಗಳ ಗ್ಯಾರಂಟಿ. ಆದ್ರೆ ‘ಈ ವಾಕ್ಯವನ್ನ ಪ್ಯಾಸಿವ್ ಮಾಡಿ’ ಅಂದ್ರೆ? ಉತ್ತರ ಒಂದೇ. ಸರಿ ಇದ್ದರೆ ಮಾರ್ಕು, ಇಲ್ಲದಿದ್ದರೆ ಇಲ್ಲ. ಬೇಗ ತಿದ್ದಬಹುದು, ತಕರಾರಿಲ್ಲ. ಬಿಕಾಂ ಓದಿದವನ ಭಾಷೆಯಲ್ಲಿ ಹೇಳೋದಾದ್ರೆ ಆಡಿಟ್‌ಗೆ ಹೇಳಿ ಮಾಡಿಸಿದ ಪ್ರಶ್ನೆ ಇದು. ಭಾಷೆಗೆ ಹೇಳಿ ಮಾಡಿಸಿದ್ದಾ ಅನ್ನೋದು ಬೇರೆ ಮಾತು.

1902ರಲ್ಲಿ ಲಾರ್ಡ್ ಕರ್ಜನ್ ನೇಮಿಸಿದ ವಿಶ್ವವಿದ್ಯಾಲಯ ಆಯೋಗ, ನಮ್ಮಲ್ಲಿ ಪಾಠವು ಪರೀಕ್ಷೆಯ ಅಡಿಯಾಳಾಗಿದೆ, ಇರಬೇಕಾದ್ದು ತಿರುಗಾಮುರುಗಾ ಅನ್ನೋ ಅರ್ಥದ ಮಾತು ಬರೆದಿತ್ತು. ನೂರಿಪ್ಪತ್ತು ವರ್ಷ ಕಳೆದಿದೆ!

ಕೆಂಪು ಪುಸ್ತಕದ ಹಿಂದು ಮುಂದು

ಪರೀಕ್ಷೆ ಇದ್ದ ಮೇಲೆ ಪುಸ್ತಕ ಬರಲೇಬೇಕು. ಮೊದಲು ಬಂದವರಲ್ಲಿ ದೊಡ್ಡ ಹೆಸರು ಜೆ.ಸಿ. ನೆಸ್‌ಫೀಲ್ಡ್. ಇವತ್ತಿನ ಉತ್ತರ ಪ್ರದೇಶದ ಭಾಗದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದವರು. 1890ರ ದಶಕದಲ್ಲಿ ಅವರ ವ್ಯಾಕರಣ ಮಾಲೆ ಮ್ಯಾಕ್‌ಮಿಲನ್‌ನಿಂದ ಬಂತು. ವಾಕ್ಯ ಬಿಡಿಸೋದು, ಜೋಡಿಸೋದು, ಸರಳ ವಾಕ್ಯವನ್ನ ಮಿಶ್ರ ವಾಕ್ಯ ಮಾಡೋದು ಎಲ್ಲ ಅಚ್ಚುಕಟ್ಟಾಗಿ ನಂಬರ್ ಹಾಕಿದ ಅಭ್ಯಾಸಗಳಾದವು.

ಆಮೇಲೆ 1930ರ ದಶಕದಲ್ಲಿ ಬಂದಿದ್ದು ರೆನ್ ಆ್ಯಂಡ್ ಮಾರ್ಟಿನ್. ಪೂರ್ತಿ ಹೆಸರು ‘ಹೈ ಸ್ಕೂಲ್ ಇಂಗ್ಲಿಷ್ ಗ್ರಾಮರ್ ಆ್ಯಂಡ್ ಕಾಂಪೊಸಿಷನ್’. ರೆನ್ ಅಂದ್ರೆ ಪಿ.ಸಿ. ರೆನ್. ಬೊಂಬಾಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. ಇದೇ ವ್ಯಕ್ತಿ 1924ರಲ್ಲಿ ‘ಬ್ಯೂ ಜೆಸ್ಟ್’ ಅನ್ನೋ ಸಾಹಸ ಕಾದಂಬರಿ ಬರೆದು ಜಗತ್ಪ್ರಸಿದ್ಧರಾದರು, ಅದರ ಮೇಲೆ ಹಾಲಿವುಡ್ ಸಿನಿಮಾಗಳೂ ಬಂದವು. ಮರುಭೂಮಿ, ಸೈನಿಕರು, ಕದ್ದ ರತ್ನ ಅಂತೆಲ್ಲ ಬರೆದವರೇ ನಮ್ಮ ಮಕ್ಕಳಿಗೆ ವಾಕ್ಯ ಬದಲಾಯಿಸೋದನ್ನೂ ಕಲಿಸಿದ್ದು!

ಆ ಪುಸ್ತಕದಲ್ಲಿ ‘ಟ್ರಾನ್ಸ್‌ಫರ್ಮೇಷನ್ ಆಫ್ ಸೆಂಟೆನ್ಸಸ್’ ಅಂತ ಪ್ರತ್ಯೇಕ ಅಧ್ಯಾಯ ಇದೆ. ‘ಟೂ’ ಇರೋ ವಾಕ್ಯ, ಡಿಗ್ರಿ ಬದಲಾವಣೆ, ವಾಯ್ಸ್, ಹೌದು-ಅಲ್ಲ ಬದಲಾವಣೆ, ಪ್ರಶ್ನೆಯನ್ನ ಹೇಳಿಕೆ ಮಾಡೋದು. ನಮ್ಮ ಪ್ರಶ್ನೆಪತ್ರಿಕೆಗಳ ‘ಡು ಆ್ಯಸ್ ಡೈರೆಕ್ಟೆಡ್’ ವಿಭಾಗವನ್ನ ಈ ಪಟ್ಟಿಯ ಪಕ್ಕ ಇಟ್ಟು ನೋಡಿ, ವಂಶವೃಕ್ಷ ಕಾಣತ್ತೆ. ಪುಸ್ತಕದ ಬಗ್ಗೆ ದೂರೇನಿಲ್ಲ. ಅಧ್ಯಾಯದ ಉದ್ದೇಶ ಬರವಣಿಗೆಯಲ್ಲಿ ವೈವಿಧ್ಯ ಕಲಿಸೋದು. ನಮ್ಮಲ್ಲಿ ಉಳಿದಿದ್ದು ಅಭ್ಯಾಸದ ನಂಬರ್‌ಗಳು.

ಮೂರೇ ಜನ ಬರೆದ ಪರೀಕ್ಷೆ

ಇದೇ ಸಮಯಕ್ಕೆ ಕೇಂಬ್ರಿಜ್‌ನಲ್ಲಿ ಏನಾಗ್ತಿತ್ತು? ಇಂಗ್ಲಿಷ್ ಮನೆಮಾತಲ್ಲದವರಿಗಾಗಿ 1913ರಲ್ಲಿ ‘ಸರ್ಟಿಫಿಕೇಟ್ ಆಫ್ ಪ್ರೊಫಿಷಿಯನ್ಸಿ’ ಪರೀಕ್ಷೆ ಶುರು ಮಾಡಿದರು. ಮೊದಲ ವರ್ಷ ಕೂತವರು ಮೂರೇ ಜನ. ಒಟ್ಟು ಹನ್ನೆರಡು ಗಂಟೆಯ ಪರೀಕ್ಷೆ. ಮೂವರೂ ಫೇಲ್! ಅನುವಾದ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಉಚ್ಚಾರಣೆ, ಡಿಕ್ಟೇಷನ್, ಮಾತುಕತೆ ಎಲ್ಲ ಇತ್ತು. ವ್ಯಾಕರಣ ಪತ್ರಿಕೆಯ ಒಂದು ಪ್ರಶ್ನೆ ನನಗೆ ಬಹಳ ಇಷ್ಟ. ಕೆಲವು ವಾಕ್ಯ ಕೊಟ್ಟು, ತಿದ್ದಿ ಅಥವಾ ಸಮರ್ಥಿಸಿ ಅಂದಿದ್ದರು. ಅಂದ್ರೆ ವಾಕ್ಯ ಸರಿ ಇದ್ದರೂ ಇರಬಹುದು, ನಿನ್ನ ವಾದ ಹೇಳು ಅಂತ. ಇನ್ನೂ ಗಮನಿಸಿ, ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನ್‌ಗೆ, ಅಲ್ಲಿಂದ ಇಂಗ್ಲಿಷಿಗೆ ಅನುವಾದ ಕೂಡ ಪರೀಕ್ಷೆಯ ಭಾಗ. ಆಸ್ಕಮ್ ಅವರ ಸೇತುವೆ ಅಲ್ಲಿವರೆಗೂ ನಿಂತಿತ್ತು.

ಮುಂದೆ ಸೇತುವೆ ಸಡಿಲ ಆಯ್ತು. ತರಗತಿಯಲ್ಲಿ ಮನೆಮಾತು ಬೇಡ, ನೇರ ಇಂಗ್ಲಿಷಲ್ಲೇ ಕಲಿಸಬೇಕು ಅನ್ನೋ ‘ಡೈರೆಕ್ಟ್ ಮೆಥಡ್’ ಹರಡಿತು. 1939ರಲ್ಲಿ ಕೇಂಬ್ರಿಜ್ ಇನ್ನೊಂದು ಹಂತದ ಪರೀಕ್ಷೆ ತಂತು, 1975ರಲ್ಲಿ ಅದಕ್ಕೆ ‘ಫಸ್ಟ್ ಸರ್ಟಿಫಿಕೇಟ್’ ಅಂತ ಹೆಸರಾಯ್ತು. ಕಾಲಕ್ರಮೇಣ ಅನುವಾದ ಹಿಂದೆ ಸರೀತು, ‘ಯೂಸ್ ಆಫ್ ಇಂಗ್ಲಿಷ್’ ಅನ್ನೋ ಭಾಗ ಬಂತು. ಕೀ ವರ್ಡ್ ಪ್ರಶ್ನೆಯ ಮನೆ ಅದೇ. ಒಂದು ವಾಕ್ಯ, ಒಂದು ಪದ, ಅರ್ಧ ಬರೆದ ಎರಡನೇ ವಾಕ್ಯ. ಕೊಟ್ಟ ಪದ ಒಂದಕ್ಷರವೂ ಬದಲಾಗಬಾರದು. ಫಸ್ಟ್ ಹಂತದಲ್ಲಿ ಖಾಲಿ ಜಾಗಕ್ಕೆ ಎರಡರಿಂದ ಐದು ಪದ, ಅದರ ಮೇಲಿನ ಅಡ್ವಾನ್ಸ್‌ಡ್‌ನಲ್ಲಿ ಮೂರರಿಂದ ಆರು, ಪ್ರೊಫಿಷಿಯನ್ಸಿಯಲ್ಲಿ ಮೂರರಿಂದ ಎಂಟು. ಪ್ರತಿ ಪ್ರಶ್ನೆಗೆ ಎರಡು ಮಾರ್ಕು, ಅರ್ಧ ಸರಿ ಇದ್ದರೆ ಒಂದು ಸಿಗತ್ತೆ.

ಬೆಂಗಳೂರಿನಲ್ಲೊಂದು ಪ್ರಯೋಗ

ಈಗ ಈ ಕಥೆ ನಮ್ಮೂರಿಗೇ ಬರತ್ತೆ. ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡೋಕೆ 1958ರಲ್ಲಿ ಹೈದರಾಬಾದಿನಲ್ಲಿ ಒಂದು ಕೇಂದ್ರ ಸಂಸ್ಥೆ, 1963ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾದವು. ಆಗಿನ ಮಂತ್ರ ‘ಸ್ಟ್ರಕ್ಚರಲ್’ ವಿಧಾನ. ಒಂದೊಂದೇ ವಾಕ್ಯ ರಚನೆ ತಗೊಂಡು, ಪದ ಬದಲಿಸಿ ಬದಲಿಸಿ ಮಕ್ಕಳಿಂದ ಹೇಳಿಸೋದು.

ಇದರಿಂದ ಅಸಮಾಧಾನಗೊಂಡವರಲ್ಲಿ ಎನ್.ಎಸ್. ಪ್ರಭು ಒಬ್ಬರು. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. 1979ರಿಂದ 1984ರವರೆಗೆ ಬೆಂಗಳೂರಿನ ಆ ಸಂಸ್ಥೆಯ ಜೊತೆ ಸೇರಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅವರೊಂದು ಪ್ರಯೋಗ ನಡೆಸಿದರು. ಭಾಷಾ ಬೋಧನೆ ಓದೋವ್ರಿಗೆ ಇವತ್ತಿಗೂ ಅದು ‘ಬೆಂಗಳೂರು ಪ್ರಾಜೆಕ್ಟ್’ ಅಂತಲೇ ಪರಿಚಯ. ಆ ತರಗತಿಗಳಲ್ಲಿ ವ್ಯಾಕರಣ ಪಾಠವೇ ಇಲ್ಲ. ರೈಲ್ವೆ ಟೈಮ್‌ಟೇಬಲ್ ಕೊಟ್ಟು ಯಾವ ರೈಲು ಹಿಡಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದು ಅಂತ ಕೇಳೋದು. ನಕ್ಷೆ ಕೊಟ್ಟು ದಾರಿ ಹುಡುಕಿಸೋದು. ಮಕ್ಕಳ ಗಮನ ಅರ್ಥದ ಮೇಲಿದ್ದರೆ ರೂಪ ತಾನಾಗಿ ಕೂರತ್ತೆ ಅನ್ನೋದು ಪ್ರಭು ಅವರ ನಂಬಿಕೆ. 1987ರಲ್ಲಿ ಇದರ ಬಗ್ಗೆ ಅವರ ಪುಸ್ತಕ ಬಂತು.

ಫಲಿತಾಂಶ? ಅಲನ್ ಬೆರೆಟ್ಟಾ, ಅಲನ್ ಡೇವಿಸ್ ಅನ್ನೋ ಇಬ್ಬರು ಹೊರಗಿನ ಸಂಶೋಧಕರು ಪರೀಕ್ಷೆ ಮಾಡಿ 1985ರಲ್ಲಿ ವರದಿ ಕೊಟ್ಟರು. ರಚನೆಯನ್ನಷ್ಟೇ ಕೇಳೋ ಪರೀಕ್ಷೆಯಲ್ಲಿ ಹಳೆ ವಿಧಾನದ ಮಕ್ಕಳು ಮುಂದೆ. ಕೆಲಸ ಮಾಡಿ ತೋರಿಸೋ ಪರೀಕ್ಷೆಯಲ್ಲಿ ಪ್ರಾಜೆಕ್ಟ್ ಮಕ್ಕಳು ಮುಂದೆ. ಇದರಲ್ಲಿ ಆಶ್ಚರ್ಯ ಇಲ್ಲ, ಯಾವುದನ್ನ ಮಾಡಿದ್ರೋ ಅದೇ ಬಂತು. ಆದರೆ ವ್ಯಾಕರಣವನ್ನ ಸಂದರ್ಭದೊಳಗಿಟ್ಟು ಕೇಳಿದಾಗ, ಡಿಕ್ಟೇಷನ್ ಕೊಟ್ಟಾಗ, ಒಟ್ಟಾರೆ ಪ್ರಾಜೆಕ್ಟ್ ಮಕ್ಕಳೇ ಮೇಲುಗೈ ಸಾಧಿಸಿದ್ದರು. ತರಗತಿಗಳನ್ನ ಇದ್ದ ಹಾಗೇ ಹೋಲಿಸಿದ್ದರಿಂದ ಇದನ್ನ ಕೊನೇ ತೀರ್ಪು ಅಂತ ತಗೊಳ್ಳೋ ಹಾಗಿಲ್ಲ. ಆದ್ರೂ ಪರೀಕ್ಷೆಗೆ ಕೂರೋರಿಗೆ ಇದರಲ್ಲಿ ಎರಡು ಪಾಠ ಇದೆ. ವಾಕ್ಯ ಬದಲಾಯಿಸೋ ಪ್ರಶ್ನೆಗೆ ವಾಕ್ಯ ಬದಲಾಯಿಸೋ ಅಭ್ಯಾಸ ಬೇಕೇ ಬೇಕು, ಬರೀ ಸಿನಿಮಾ ನೋಡಿದ್ರೆ ಆಗಲ್ಲ. ಆದರೆ ಸಂದರ್ಭ ಬಿಟ್ಟ ಅಭ್ಯಾಸ, ಸಂದರ್ಭ ಬಂದ ಕೂಡಲೇ ಕೈಕೊಡಬಹುದು.

ಕನ್ನಡದಲ್ಲಿ ಯೋಚಿಸಿದ್ರೆ ತಪ್ಪೇನು?

ಹಾಗಾದ್ರೆ ತಯಾರಿ ಹೇಗೆ? ಮೊದಲ ಕೆಲಸ, ಆಸ್ಕಮ್ ಸೇತುವೆಯನ್ನ ವಾಪಸ್ ಕಟ್ಟೋದು. ವಾಕ್ಯ ಓದಿ, ಅದರ ಅರ್ಥವನ್ನ ಮನೆಯಲ್ಲಿ ಮಾತಾಡೋ ಕನ್ನಡದಲ್ಲಿ ಹೇಳಿಕೊಳ್ಳಿ. ಪಠ್ಯಪುಸ್ತಕದ ಕನ್ನಡ ಬೇಡ.

‘ದ ಟೀ ಈಸ್ ಟೂ ಹಾಟ್ ಟು ಡ್ರಿಂಕ್.’ ಕನ್ನಡದಲ್ಲಿ? ಟೀ ಕುಡಿಯೋಕೆ ಆಗದಷ್ಟು ಬಿಸಿ ಇದೆ. ಆ ‘ಆಗದಷ್ಟು’ ಅನ್ನೋ ಒಂದು ಪದ ಬಿಡಿಸಿ ನೋಡಿ. ‘ಆಗದ’ ಅಂದ್ರೆ ‘ಕಾಂಟ್’. ‘ಅಷ್ಟು’ ಅಂದ್ರೆ ‘ಸೋ’. ಇಂಗ್ಲಿಷಿನ ‘ಟೂ’ ತನ್ನೊಳಗೆ ಬಚ್ಚಿಟ್ಟುಕೊಂಡಿರೋ ಇಲ್ಲ ಅನ್ನೋ ಅರ್ಥವನ್ನ ಕನ್ನಡ ಬಹಿರಂಗವಾಗಿ ಹೇಳ್ತಿದೆ. ‘ದ ಟೀ ಈಸ್ ಸೋ ಹಾಟ್ ದಟ್ ಐ ಕಾಂಟ್ ಡ್ರಿಂಕ್ ಇಟ್.’ ಫಾರ್ಮುಲಾ ಬೇಕಾಗಲಿಲ್ಲ. ಒಂದೇ ಎಚ್ಚರಿಕೆ ಕೊನೇ ‘ಇಟ್’. ‘ಸೋ-ದಟ್’ನಲ್ಲಿ ಅದು ಇರಲೇಬೇಕು, ‘ಟೂ-ಟು’ನಲ್ಲಿ ಇರಬಾರದು. ಎಷ್ಟೋ ಜನ ಮಾರ್ಕು ಕಳ್ಕೊಳ್ಳೋದು ಇಲ್ಲೇ.

‘ನೋ ಸೂನರ್’ ಕಷ್ಟ ಅನ್ನಿಸತ್ತೆ. ಆದ್ರೆ ನಾವೇ ದಿನಾ ಹೇಳ್ತೀವಿ, ‘ಬಸ್ ಇಳಿದಿದ್ದೇ ತಡ, ಮಳೆ ಶುರುವಾಯ್ತು’ ಅಂತ. ಆ ‘ಇದ್ದೇ ತಡ’ ಇದೆಯಲ್ಲ, ಅದೇ ‘ನೋ ಸೂನರ್’. ಅರ್ಥ ಕೈಗೆ ಸಿಕ್ಕಿತು, ಇನ್ನು ರೂಪದ ಎರಡು ಅಂಶ ಮಾತ್ರ ನೆನಪಿಡಬೇಕು. ‘ಹ್ಯಾಡ್’ ಕರ್ತೃವಿಗಿಂತ ಮುಂಚೆ ಬರತ್ತೆ, ಎರಡನೇ ಭಾಗಕ್ಕೆ ‘ವೆನ್’ ಅಲ್ಲ, ‘ದ್ಯಾನ್’ ಬೇಕು.

ಡಿಗ್ರೀಸ್ ಆಫ್ ಕಂಪ್ಯಾರಿಸನ್ ತಗೊಳ್ಳಿ. ಕನ್ನಡದಲ್ಲಿ ‘ಟಾಲೆಸ್ಟ್’ ಥರ ಪದದ ತುದಿಗೆ ಪ್ರತ್ಯಯ ಅಂಟಿಸೋ ಪದ್ಧತಿ ಇಲ್ಲ. ನಾವು ‘ಕ್ಲಾಸಲ್ಲಿ ಉಳಿದೆಲ್ಲರಿಗಿಂತ ಎತ್ತರ’ ಅಂತೀವಿ. ಅಂದ್ರೆ ‘ಟಾಲರ್ ದ್ಯಾನ್ ಎನಿ ಅದರ್’. ಮಕ್ಕಳು ಬಿಡೋ ‘ಅದರ್’ ನಮ್ಮ ‘ಉಳಿದ’ದಲ್ಲೇ ಕೂತಿದೆ. ಅದನ್ನ ಬಿಟ್ಟರೆ ಅವನು ತನಗಿಂತ ತಾನೇ ಎತ್ತರ ಅಂದ ಹಾಗಾಗತ್ತೆ!

ಪ್ಯಾಸಿವ್ ವಿಷಯದಲ್ಲಿ ಮಾತ್ರ ಶಾಲೆಯ ಕನ್ನಡ ನಮ್ಮ ದಾರಿ ತಪ್ಪಿಸತ್ತೆ. ರಾಮನಿಂದ ರಾವಣನು ಕೊಲ್ಲಲ್ಪಟ್ಟನು ಅನ್ನೋ ಉದಾಹರಣೆ ನೆನಪಿದೆಯಲ್ಲ? ಮನೇಲಿ ಯಾರಾದ್ರೂ ‘ನನ್ನಿಂದ ಊಟ ಮಾಡಲ್ಪಟ್ಟಿತು’ ಅಂತಾರಾ? ಕನ್ನಡಕ್ಕೆ ಅದರದ್ದೇ ವ್ಯಾಕರಣ ಬೇಕು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ ವಾದಿಸಿದ್ದು ಇಂಥ ಕಾರಣಗಳಿಗೇ. ಆಡುಮಾತು ನೋಡಿ. ಪರ್ಸ್ ಕಳೆದುಹೋದಾಗ ‘ಅಯ್ಯೋ, ನನ್ನ ಪರ್ಸ್ ಕದ್ದುಬಿಟ್ಟಿದ್ದಾರೆ’ ಅಂತೀವಿ. ಯಾರು ಅಂತ ಗೊತ್ತಿಲ್ಲ, ಹೇಳೋ ಅಗತ್ಯವೂ ಇಲ್ಲ. ‘ಮೈ ಪರ್ಸ್ ಹ್ಯಾಸ್ ಬೀನ್ ಸ್ಟೋಲನ್.’ ಪ್ಯಾಸಿವ್ ಇರೋದೇ ಇದಕ್ಕೆ. ಹಾಗಾಗಿ ‘ಬೈ ಸಮ್‌ವನ್’ ಅಂತ ಬಾಲ ಅಂಟಿಸೋದು ಅನವಶ್ಯಕ.

ಸೇತುವೆ ಸಾಲದ ಜಾಗ ಅಂದ್ರೆ ರಿಪೋರ್ಟೆಡ್ ಸ್ಪೀಚ್. ಕನ್ನಡದಲ್ಲಿ ‘ನಾಳೆ ಬರ್ತೀನಿ ಅಂತ ಹೇಳಿದ’ ಅಂದ್ರೆ ಮುಗೀತು. ‘ಅಂತ’ ಅನ್ನೋ ಪದ ಅವನ ಮಾತನ್ನ ಹಾಗೇ ಎತ್ತಿ ತಂದುಬಿಡತ್ತೆ, ಕಾಲ ಬದಲಿಸೋ ಗೋಜಿಲ್ಲ. ಇಂಗ್ಲಿಷಿನಲ್ಲಿ ವರದಿ ಮಾಡೋನು ತಾನು ನಿಂತ ಜಾಗದಿಂದ, ತಾನು ನಿಂತ ಸಮಯದಿಂದ ಹೇಳಬೇಕು. ಅದಕ್ಕೇ ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’. ನಿಜ ಜೀವನದಲ್ಲಿ ಅದೇ ದಿನ ಹೇಳೋದಾದ್ರೆ ‘ಟುಮಾರೋ’ ಹಾಗೇ ಇರಬಹುದು. ಪರೀಕ್ಷೆ ಮಾತ್ರ ಬೇರೆ ದಿನ, ಬೇರೆ ಜಾಗ ಅಂತಲೇ ಅಂದ್ಕೊಳ್ಳತ್ತೆ. ಇಷ್ಟು ಗೊತ್ತಿದ್ರೆ ಆ ಟೇಬಲ್ ಬಾಯಿಪಾಠ ಅಲ್ಲ, ತರ್ಕ.

ಟ್ಯಾಲಿ ಮಾಡಿ

ಎರಡನೇ ಕೆಲಸ, ಬರೆದ ಮೇಲೆ ಟ್ಯಾಲಿ ಮಾಡೋದು. ಎರಡೂ ವಾಕ್ಯ ಪಕ್ಕಪಕ್ಕ ಇಟ್ಟು ನಾಲ್ಕು ಪ್ರಶ್ನೆ ಕೇಳಿ. ಯಾರು ಮಾಡಿದ್ದು? ಯಾವಾಗ? ಎಷ್ಟು? ಹೌದಾ ಇಲ್ವಾ? ನಾಲ್ಕೂ ಸರಿಹೊಂದಿದ್ರೆ ಅರ್ಥ ಉಳಿದಿದೆ. ನಾಲ್ಕು ಆಯ್ಕೆ ಕೊಡೋ ಪರೀಕ್ಷೆಯಲ್ಲೂ ಇದೇ ದಾರಿ. ತಪ್ಪು ಆಯ್ಕೆಗಳು ಸಾಮಾನ್ಯವಾಗಿ ಕಾಲದಲ್ಲೋ, ಸರ್ವನಾಮದಲ್ಲೋ, ಸಹಾಯಕ ಕ್ರಿಯಾಪದದಲ್ಲೋ ಅಡಗಿರ್ತವೆ.

ಟ್ಯಾಲಿ ಯಾಕೆ ಮುಖ್ಯ ಅಂದ್ರೆ, ರೂಪ ಬದಲಾದರೆ ಅರ್ಥ ಬದಲಾಗಲ್ಲ ಅನ್ನೋದು ಯಾವಾಗ್ಲೂ ನಿಜ ಅಲ್ಲ. ನೋಮ್ ಚಾಮ್‌ಸ್ಕಿ 1957ರ ಪುಸ್ತಕದಲ್ಲಿ ಇದನ್ನ ತೋರಿಸಿದ್ದರು. ಅದೇ ಥರದ್ದೊಂದು ನಮ್ಮೂರಿನ ಉದಾಹರಣೆ ಕೊಡ್ತೀನಿ. ಬೆಂಗಳೂರಿನ ಬಸ್ಸಲ್ಲಿ ಪ್ರತಿಯೊಬ್ಬರಿಗೂ ಎರಡು ಭಾಷೆ ಗೊತ್ತು. ಒಬ್ಬರಿಗೆ ಕನ್ನಡ-ತೆಲುಗು, ಇನ್ನೊಬ್ಬರಿಗೆ ತಮಿಳು-ಉರ್ದು. ಇದನ್ನ ಇಂಗ್ಲಿಷಿನಲ್ಲಿ ಪ್ಯಾಸಿವ್ ಮಾಡಿ ‘ಟೂ ಲ್ಯಾಂಗ್ವೇಜಸ್’ ಮುಂದಕ್ಕೆ ತಂದರೆ, ಬಸ್ಸಿನ ಎಲ್ಲರಿಗೂ ಅವೇ ಎರಡು ಭಾಷೆ ಗೊತ್ತು ಅನ್ನೋ ಅರ್ಥವೂ ಬರಬಹುದು!

ಮೂರನೇ ಕೆಲಸ, ಎರಾಸ್ಮಸ್ ಆಟ. ದಿನಕ್ಕೆ ಒಂದೇ ವಾಕ್ಯ, ಐದು ರೀತಿ ಬರೀರಿ. ವಾರಕ್ಕೊಮ್ಮೆ ಫ್ರಾಂಕ್ಲಿನ್ ಥರ ಪತ್ರಿಕೆಯ ಒಂದು ಪ್ಯಾರಾ ತಗೊಂಡು, ಅರ್ಥವನ್ನ ಕನ್ನಡದಲ್ಲಿ ಗುರುತು ಹಾಕಿ, ಎರಡು ದಿನ ಬಿಟ್ಟು ಇಂಗ್ಲಿಷಿಗೆ ತಂದು ಹೋಲಿಸಿ. ಪರೀಕ್ಷೆ ಕೇಳೋದು ಒಂದೇ ಉತ್ತರ, ಸರಿ. ಆದರೆ ಐದು ದಾರಿ ಗೊತ್ತಿದ್ದವನಿಗೆ, ಪ್ರಶ್ನೆ ಯಾವ ದಾರಿ ಹಿಡಿ ಅಂದರೂ ಗಾಬರಿ ಆಗಲ್ಲ. ಐಇಎಲ್‌ಟಿಎಸ್‌ನಂಥ ಪರೀಕ್ಷೆಯಲ್ಲಿ ಈ ಪ್ರಶ್ನೆ ಹೆಸರು ಹೇಳಿಕೊಂಡು ಬರಲ್ಲ. ಆದ್ರೆ ಪ್ಯಾಸೇಜಲ್ಲಿ ಒಂದು ರೀತಿ ಇದ್ದಿದ್ದು ಪ್ರಶ್ನೆಯಲ್ಲಿ ಇನ್ನೊಂದು ರೀತಿ ಇರತ್ತೆ. ಅಲ್ಲಿಯೂ ಇದೇ ಕೈಹಿಡಿಯೋದು.

ಹಾಲ್‌ನಲ್ಲಿ ಕೊನೇ ನಿಮಿಷದ ಚೆಕ್ ಇಷ್ಟು. ಕೊಟ್ಟ ಪದ ಹಾಗೇ ಇದೆಯಾ? ಪದಗಳ ಮಿತಿ ದಾಟಿದೆಯಾ? ಕೇಂಬ್ರಿಜ್‌ನಲ್ಲಿ ‘ಡೋಂಟ್’ ಅಂತ ಬರೆದರೆ ಅದನ್ನ ಎರಡು ಪದ ಅಂತ ಎಣಿಸ್ತಾರೆ, ನೆನಪಿರಲಿ. ಸ್ಪೆಲ್ಲಿಂಗ್ ಸರಿ ಇದೆಯಾ?

ಒಂದು ಮಾರ್ಕಿಗೋಸ್ಕರ ಇಷ್ಟೆಲ್ಲಾ ಬೇಕಾ ಅಂತ ಕೇಳಬಹುದು. ಆ ಒಂದು ಮಾರ್ಕು ಕೆಲವರಿಗೆ ಕೆಲಸ, ಕೆಲವರಿಗೆ ವೀಸಾ. ಅದಕ್ಕಿಂತ ಹೆಚ್ಚಾಗಿ, ಕನ್ನಡ ಶಾಲೆಯಿಂದ ಬಂದ ಎಷ್ಟೋ ಮಕ್ಕಳು ‘ನನ್ನ ಭಾಷೆಯೇ ನನಗೆ ಅಡ್ಡ’ ಅಂದ್ಕೊಂಡು ಬೆಳೀತಾರೆ. ಈ ಅಭ್ಯಾಸದ ಇತಿಹಾಸ ಅದನ್ನ ಒಪ್ಪಲ್ಲ. ಲ್ಯಾಟಿನ್ ಕಲಿತ ಇಂಗ್ಲಿಷ್ ಹುಡುಗ ತನ್ನ ಮನೆಮಾತಿನ ಮೇಲೆ ಕಾಲಿಟ್ಟೇ ದಾಟಿದ್ದ. ಇಂಗ್ಲಿಷ್ ಕಲಿಯೋ ಕನ್ನಡದ ಹುಡುಗಿಗೂ ಆ ಹಕ್ಕಿದೆ.

ಪರೀಕ್ಷೆಗೆ ಓದ್ತಿರೋ ತಮ್ಮ, ತಂಗಿ, ಸ್ನೇಹಿತರು ಇದ್ದರೆ ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಮತ್ತೊಂದು ಕಥೆಯ ಜೊತೆ ಸಿಗೋಣ.